ಜೀಬ್ರಾ ಮೀನಿನ ಸ್ವಭಾವ ಮತ್ತು ಔಷಧ ಪ್ರತಿಕ್ರಿಯೆ: ಒಂದೊಂದು ಮೀನನ್ನೂ ಬೇರೆಯಾಗಿ ಅಳೆಯುವ ಸಮಗ್ರ ಮಾರ್ಗದರ್ಶಿ

ಇಪ್ಪತ್ತು ಮೀನುಗಳನ್ನು ಒಂದು ಸಲ ಪರೀಕ್ಷೆ ಮಾಡುತ್ತಾರೆ. ಔಷಧ ಕೊಡುತ್ತಾರೆ. ಮತ್ತೊಂದು ಸಲ ಪರೀಕ್ಷೆ ಮಾಡುತ್ತಾರೆ. ಕೆಲವು ಮೀನು ಬದಲಾಗಿರುತ್ತವೆ, ಕೆಲವು ಹಾಗೇ ಇರುತ್ತವೆ. ಅಷ್ಟಕ್ಕೇ ‘ಔಷಧ ನಾಟಿದ ಮೀನು’, ‘ನಾಟದ ಮೀನು’ ಅಂತ ಎರಡು ಪಟ್ಟಿ ತಯಾರು. ಎರಡು ವಾರ ಬಿಟ್ಟು ಅದೇ ಮೀನುಗಳಿಗೆ ಅದೇ ಔಷಧ ಕೊಟ್ಟು ನೋಡಿದರೆ ಪಟ್ಟಿಯೇ ಉಲ್ಟಾ. ಆಗ ಔಷಧದ ಮೇಲೆ ಅನುಮಾನ, ಕ್ಯಾಮೆರಾ ಮೇಲೆ ಅನುಮಾನ. ಎಡವಟ್ಟು ಆಗಿರುವುದು ಮಾತ್ರ ಕೆಲಸದ ಕ್ರಮದಲ್ಲಿ.

ಮೀನಿಂದ ಮೀನಿಗೆ ವ್ಯತ್ಯಾಸ ಇದೆ ಅಂತ ಹೇಳಬೇಕಾದರೆ ಆ ವ್ಯತ್ಯಾಸ ಅದೇ ಮೀನಿನಲ್ಲಿ ಮತ್ತೆ ಮತ್ತೆ ಕಾಣಬೇಕು. ಒಂದೇ ಸಲ ಕಂಡದ್ದು ಬಲೆಯ ಗಾಬರಿ ಇರಬಹುದು, ನೀರಿನ ಬಿಸಿ ಇರಬಹುದು, ಸಾಫ್ಟ್‌ವೇರ್ ತಪ್ಪೂ ಇರಬಹುದು. ಕೆಳಗಿನ ಹಂತಗಳೆಲ್ಲ ಇದೊಂದನ್ನೇ ಖಚಿತ ಮಾಡಿಕೊಳ್ಳುವುದಕ್ಕೆ. ಉದಾಹರಣೆಗೆ ಬೆಳೆದ ಜೀಬ್ರಾ ಮೀನು ಮತ್ತು ಹೊಸ ಟ್ಯಾಂಕ್ ಪರೀಕ್ಷೆಯನ್ನು ಇಟ್ಟುಕೊಂಡಿದ್ದೇನೆ. ಮರಿಗಳ ವಿಷಯ ಕೊನೆಯಲ್ಲಿದೆ.

## ಶುರು ಮಾಡುವ ಮುಂಚೆ ಕೈಗೆ ಬೇಕಾದ್ದು

- ನಿಮ್ಮ ಸಂಸ್ಥೆಯ ಪ್ರಾಣಿ ಪ್ರಯೋಗ ನೈತಿಕ ಸಮಿತಿಯ ಅನುಮತಿ. ಅರ್ಜಿಯಲ್ಲಿ ಎಷ್ಟು ಸಲ ಪರೀಕ್ಷೆ, ಎಷ್ಟು ಸಲ ಔಷಧ, ಯಾವ ಲಕ್ಷಣ ಕಂಡರೆ ನಿಲ್ಲಿಸುತ್ತೀರಿ ಎಲ್ಲವೂ ಇರಬೇಕು.
- ಸುಮಾರು 1.5 ಲೀಟರ್ ಹಿಡಿಯುವ, ಅಗಲ ಕಡಿಮೆ ಇರುವ ಪರೀಕ್ಷಾ ಟ್ಯಾಂಕ್. ಒಂದಕ್ಕಿಂತ ಜಾಸ್ತಿ ಇದ್ದರೆ ಎಲ್ಲವೂ ಒಂದೇ ಥರದವು.
- ಪಕ್ಕದಿಂದ ಚಿತ್ರೀಕರಿಸುವ ಕ್ಯಾಮೆರಾ, ಹಿಂದೆ ಮಬ್ಬು ಬಿಳಿ ಹಾಳೆ, ಸಮನಾದ ಬೆಳಕು.
- ಥರ್ಮಾಮೀಟರ್, ಪಿಎಚ್ ಮೀಟರ್, 0.01 ಗ್ರಾಂ ತೋರಿಸುವ ತಕ್ಕಡಿ.
- ಗುರುತು ಹಾಕುವ ಬಣ್ಣದ ಎಲಾಸ್ಟೊಮರ್ (ರಬ್ಬರಿನಂಥ ವಸ್ತು) ಕಿಟ್, ಅರಿವಳಿಕೆಗೆ ಟ್ರೈಕೇನ್, ಅದರ ಹುಳಿ ತೆಗೆಯಲು ಸೋಡಿಯಂ ಬೈಕಾರ್ಬೊನೇಟ್.
- ಟ್ರ್ಯಾಕಿಂಗ್ ಸಾಫ್ಟ್‌ವೇರ್, ಜೊತೆಗೆ ಕಾಗದದ ದಾಖಲೆ ಪುಸ್ತಕ. ಪುಸ್ತಕ ಬೇಡ ಅನ್ನುವವರೇ ಆಮೇಲೆ ಯಾವ ಮೀನು ಯಾವ ದಿನ ನೆಲಕ್ಕೆ ಹಾರಿತ್ತು ಅಂತ ಹುಡುಕುತ್ತಾ ಕೂರುತ್ತಾರೆ.

## ಹಂತ 1: ಕೇಳುವ ಪ್ರಶ್ನೆ ಯಾವುದು ಅಂತ ಬರೆದಿಡಿ

ಇಲ್ಲಿ ಎರಡು ಬೇರೆ ಪ್ರಶ್ನೆಗಳಿವೆ. ಜನ ಅವೆರಡನ್ನೂ ಕಲಸಿಬಿಡುತ್ತಾರೆ.

ಮೊದಲನೆಯದು: ಔಷಧ ಇಲ್ಲದೆಯೇ ಮೀನುಗಳ ಸ್ವಭಾವ ಬೇರೆ ಬೇರೆ ಇದೆಯಾ? ಕೆಲವು ಧೈರ್ಯದ ಮೀನು, ಕೆಲವು ಪುಕ್ಕಲು ಮೀನು ಅನ್ನುತ್ತೇವಲ್ಲ, ಅದು. ಇದಕ್ಕೆ ಪ್ರತಿ ಮೀನನ್ನೂ ಔಷಧವಿಲ್ಲದೆ ಕನಿಷ್ಠ ಎರಡು ಸಲ ನೋಡಬೇಕು. ಮೂರು ನಾಲ್ಕು ಸಲ ನೋಡಿದರೆ ಒಳ್ಳೆಯದು.

ಎರಡನೆಯದು: ಔಷಧಕ್ಕೆ ಕೊಡುವ ಪ್ರತಿಕ್ರಿಯೆ ಮೀನಿಂದ ಮೀನಿಗೆ ಬೇರೆಯಾ? ಇದು ಜಾಸ್ತಿ ಕಷ್ಟದ ಪ್ರಶ್ನೆ. ಒಂದೇ ಮೀನಿಗೆ ಔಷಧವನ್ನೂ ಖಾಲಿ ದ್ರಾವಣವನ್ನೂ (ಔಷಧ ಒಂದು ಬಿಟ್ಟು ಉಳಿದದ್ದೆಲ್ಲ ಇರುವ ನೀರು) ಎರಡೆರಡು ಸಲವಾದರೂ ಕೊಡಬೇಕು. ಒಂದೊಂದೇ ಸಲ ಕೊಟ್ಟರೆ ಕಾಣುವ ಏರುಪೇರು ಮೀನಿನ ಗುಣವೋ, ಆ ದಿನದ ಗದ್ದಲವೋ ಬೇರ್ಪಡಿಸುವ ದಾರಿಯೇ ಇರುವುದಿಲ್ಲ. ಯಾವ ಲೆಕ್ಕಶಾಸ್ತ್ರವೂ ಆಮೇಲೆ ಅದನ್ನು ಸರಿಮಾಡದು.

ಎರಡನೇ ಪ್ರಶ್ನೆಗೆ ಹೋಗುವವರು ಬೇಗ ದೇಹದಿಂದ ಹೊರಹೋಗುವ ಔಷಧವನ್ನು ಆರಿಸಿಕೊಳ್ಳಿ. ಖಿನ್ನತೆಗೆ ಕೊಡುವ ಫ್ಲುವಾಕ್ಸೆಟಿನ್ ಥರದ್ದು ಈ ವಿನ್ಯಾಸಕ್ಕೆ ಹೊಂದುವುದಿಲ್ಲ. ಅದೂ ಅದು ಒಡೆದು ಆಗುವ ನಾರ್‌ಫ್ಲುವಾಕ್ಸೆಟಿನ್ನೂ ದೇಹದಲ್ಲಿ ಬಹಳ ಹೊತ್ತು ಉಳಿಯುತ್ತವೆ. ಮುಂದಿನ ವಾರದ ‘ಔಷಧವಿಲ್ಲದ’ ರೀಡಿಂಗ್‌ನಲ್ಲಿ ಹಿಂದಿನ ವಾರದ ಔಷಧ ಕೂತಿರುತ್ತದೆ.

## ಹಂತ 2: ಮೀನು ಆರಿಸುವುದು

ಎಬಿ, ಟ್ಯೂಬಿಂಗನ್, ಡಬ್ಲ್ಯುಐಕೆ ಮುಂತಾದ ತಳಿಗಳ ಹೆಸರು ನೋಡಿ ‘ಎಲ್ಲವೂ ಒಂದೇ’ ಅಂದುಕೊಳ್ಳಬೇಡಿ. ಒಳಸಂಬಂಧದಲ್ಲೇ ಬೆಳೆಸಿದ ಪ್ರಯೋಗಾಲಯದ ಇಲಿಗಳಷ್ಟು ಏಕರೂಪ ಇವುಗಳಲ್ಲಿ ಇಲ್ಲ. ಒಂದೇ ತಳಿಯ ಒಳಗೂ ಜೀನ್ ವ್ಯತ್ಯಾಸ ಸಾಕಷ್ಟಿರುತ್ತದೆ. ಹಾಗಂತ ಎಲ್ಲವನ್ನೂ ಜೀನ್ ಮೇಲೆ ಹೊರಿಸುವಂತೆಯೂ ಇಲ್ಲ. ಅಮೆಜಾನ್ ಮಾಲಿ ಅನ್ನುವ ಮೀನು ತನ್ನದೇ ತದ್ರೂಪು ಮರಿಗಳನ್ನು ಹಾಕುತ್ತದೆ. ಆ ಮರಿಗಳನ್ನು ಹುಟ್ಟಿದ ಕೂಡಲೇ ಬೇರೆ ಮಾಡಿ, ಒಂದೇ ಥರದ ಟ್ಯಾಂಕ್‌ಗಳಲ್ಲಿ ಬೆಳೆಸಿದರೂ ಒಂದೊಂದರ ಚಟುವಟಿಕೆ ಒಂದೊಂದು ಥರ ಆಗಿತ್ತು ಅಂತ 2017ರಲ್ಲಿ ಪ್ರಕಟವಾದ ಕೆಲಸ ತೋರಿಸಿತು. ಜೀನ್ ಒಂದೇ, ಟ್ಯಾಂಕ್ ಒಂದೇ, ಸ್ವಭಾವ ಮಾತ್ರ ಬೇರೆ. ‘ತಳಿ ಸರಿ ಇದ್ದರೆ ವ್ಯತ್ಯಾಸ ಹೋಗುತ್ತದೆ’ ಅನ್ನುವ ಆಸೆ ಬಿಡಿ.

ಪ್ರತಿ ಮೀನಿಗೂ ತಳಿ, ಯಾವ ಮೊಟ್ಟೆ ಗುಂಪಿನದು, ವಯಸ್ಸು, ಲಿಂಗ, ತೂಕ ಬರೆದುಕೊಳ್ಳಿ. ಸುಮಾರು ಮೂರು ತಿಂಗಳಿಗೆ ಇವು ಪ್ರಾಯಕ್ಕೆ ಬರುತ್ತವೆ. ಹೆಣ್ಣಿಗೆ ಹೊಟ್ಟೆ ದುಂಡಗೆ, ಗಂಡು ತೆಳ್ಳಗೆ, ಮೈಗೆ ಸ್ವಲ್ಪ ಹಳದಿ ಛಾಯೆ. ಎರಡು ಲಿಂಗಗಳನ್ನೂ ಸಮನಾಗಿ ತೆಗೆದುಕೊಳ್ಳಿ. ಗುಂಪಿನಲ್ಲಿ ಕಂಡ ‘ವೈಯಕ್ತಿಕ’ ವ್ಯತ್ಯಾಸ ಬರೀ ಗಂಡು ಹೆಣ್ಣಿನ ವ್ಯತ್ಯಾಸವಾಗಿ ಮುಗಿಯುವುದುಂಟು.

ಸಾಮಾನ್ಯ ತಪ್ಪು: ಬಲೆಗೆ ಮೊದಲು ಬಿದ್ದ ಹತ್ತು ಮೀನು ಕಂಟ್ರೋಲ್ (ಔಷಧ ಕೊಡದ, ಹೋಲಿಕೆಯ ಗುಂಪು), ಆಮೇಲೆ ಸಿಕ್ಕಿದ ಹತ್ತು ಔಷಧಕ್ಕೆ. ಬಲೆಗೆ ಯಾವುದು ಮೊದಲು ಬೀಳುತ್ತದೆ ಅನ್ನುವುದೇ ಸ್ವಭಾವಕ್ಕೆ ಸೇರಿದ ವಿಷಯ, ಅಲ್ವಾ? ಮೊದಲು ಎಲ್ಲಕ್ಕೂ ನಂಬರ್ ಕೊಡಿ, ಆಮೇಲೆ ಕಂಪ್ಯೂಟರ್‌ನಲ್ಲಿ ಚೀಟಿ ಎತ್ತಿ ಹಂಚಿ.

## ಹಂತ 3: ಗುರುತು ಹಾಕುವುದು

ನಿನ್ನೆಯ ಏಳನೇ ನಂಬರ್ ಇವತ್ತೂ ಏಳನೇ ನಂಬರ್ ಅಂತ ಖಾತ್ರಿ ಇಲ್ಲದಿದ್ದರೆ ಮುಂದಿನದ್ದೆಲ್ಲ ದಂಡ.

ಸುಲಭ ದಾರಿ ಅಂತ ಒಂದೊಂದನ್ನು ಒಂಟಿಯಾಗಿ ಇಡಬೇಡಿ. ಜೀಬ್ರಾ ಮೀನು ಗುಂಪಿನಲ್ಲಿ ಬದುಕುವ ಜೀವಿ, ಒಂಟಿತನದಿಂದಲೇ ಅದರ ವರ್ತನೆ ಬದಲಾಗುತ್ತದೆ. ಹಾಗಂತ ಚಿಕ್ಕ ಟ್ಯಾಂಕ್‌ನಲ್ಲಿ ಎರಡು ಗಂಡು ಇಟ್ಟರೆ ಒಂದು ಇನ್ನೊಂದನ್ನು ಮೂಲೆಗೆ ತಳ್ಳಿ ಯಜಮಾನ ಆಗಿಬಿಡುತ್ತದೆ. ಆಗ ನೀವು ಅಳೆಯುವುದು ಸೋತ ಮೀನಿನ ಭಯವನ್ನು. ಒಂದು ಗಂಡು ಒಂದು ಹೆಣ್ಣು ಜೋಡಿ, ಇಲ್ಲವೇ ಬೇರೆ ಬೇರೆ ಬಣ್ಣದ ಗುರುತು ಹಾಕಿದ ನಾಲ್ಕೈದು ಮೀನಿನ ಗುಂಪು ಒಳ್ಳೆಯದು. ಪಾರದರ್ಶಕ ತಡೆ ಹಾಕಿ ಅಕ್ಕಪಕ್ಕ ಇಡುವುದೂ ನಡೆಯುತ್ತದೆ.

ಎಲಾಸ್ಟೊಮರ್ ಗುರುತನ್ನು ಚರ್ಮದ ಕೆಳಗೆ, ಬೆನ್ನಿನ ರೆಕ್ಕೆಯ ಪಕ್ಕದಲ್ಲಿ ಸಣ್ಣ ಗೆರೆಯಾಗಿ ಹಾಕುತ್ತಾರೆ. ಅದಕ್ಕೆ ಮುಂಚೆ ಲೀಟರಿಗೆ ಸುಮಾರು 150ರಿಂದ 170 ಮಿಲಿಗ್ರಾಂ ಟ್ರೈಕೇನ್ ಇರುವ ನೀರಿನಲ್ಲಿ ಅರಿವಳಿಕೆ ಕೊಡಿ. ಟ್ರೈಕೇನ್ ನೀರನ್ನು ಹುಳಿ ಮಾಡುತ್ತದೆ, ಆದ್ದರಿಂದ ಬೈಕಾರ್ಬೊನೇಟ್ ಹಾಕಿ ಪಿಎಚ್ ಅನ್ನು 7ರಿಂದ 7.5ಕ್ಕೆ ತಂದ ಮೇಲೆಯೇ ಮೀನು ಬಿಡಿ. ಮೀನು ವಾಲಿ, ಬಾಲ ಚಿವುಟಿದರೂ ಅಲುಗದಿದ್ದಾಗ ಕೆಲಸ ಶುರು. ಕಿವಿರಿನ ಮುಚ್ಚಳದ ಬಡಿತ ನಿಂತಿತು ಅಂದರೆ ಗುರುತು ಪಕ್ಕಕ್ಕಿಡಿ, ತಕ್ಷಣ ಶುದ್ಧ ನೀರಿಗೆ ಬಿಟ್ಟು ಕಿವಿರಿನ ಮೇಲೆ ಮೆಲ್ಲಗೆ ನೀರು ಹಾಯಿಸಿ.

ರೆಕ್ಕೆ ಕತ್ತರಿಸಿ ಗುರುತು ಮಾಡುವುದು ತಾತ್ಕಾಲಿಕ. ಜೀಬ್ರಾ ಮೀನಿನ ರೆಕ್ಕೆ ಎರಡು ವಾರದ ಆಸುಪಾಸಿನಲ್ಲಿ ಮತ್ತೆ ಬೆಳೆಯುತ್ತದೆ. ಆರು ವಾರದ ಪ್ರಯೋಗಕ್ಕೆ ಅದನ್ನು ನಂಬಿ ಕೂತರೆ ಮಧ್ಯದಲ್ಲಿ ಎಲ್ಲ ಮೀನೂ ಒಂದೇ ಥರ ಕಾಣತೊಡಗುತ್ತವೆ. ಗುರುತು ಹಾಕುವಾಗಲೇ ಎರಡೂ ಮಗ್ಗುಲಿನ ಫೋಟೊ ತೆಗೆದಿಡಿ. ಪಟ್ಟೆಗಳ ಒಡಕು, ಕೊಂಡಿ ಒಂದೊಂದರಲ್ಲಿ ಒಂದೊಂದು ಥರ ಇರುತ್ತದೆ. ಗುರುತು ಮಸುಕಾದರೆ ಫೋಟೊ ಕೈಹಿಡಿಯುತ್ತದೆ. ತೂಕವನ್ನೂ ಈಗಲೇ ತೆಗೆದುಬಿಡಿ.

## ಹಂತ 4: ಒಗ್ಗಿಕೊಳ್ಳಲು ಬಿಡಿ

ಗುರುತು ಹಾಕಿದ ಮೇಲೆ ಒಂದು ವಾರ ಮುಟ್ಟಬೇಡಿ. ಬೇರೆ ಕಡೆಯಿಂದ ತಂದ ಮೀನಾದರೆ ಎರಡು ವಾರ. ನೀರು 26ರಿಂದ 28.5 ಡಿಗ್ರಿ ಸೆಲ್ಸಿಯಸ್, 14 ಗಂಟೆ ಬೆಳಕು, 10 ಗಂಟೆ ಕತ್ತಲು, ಊಟ ದಿನಾ ಒಂದೇ ಹೊತ್ತಿಗೆ.

ಪರೀಕ್ಷೆಯ ಹೊತ್ತನ್ನೂ ಈಗಲೇ ನಿಗದಿ ಮಾಡಿ. ದೀಪ ಹತ್ತಿದ ಮೊದಲ ಒಂದೆರಡು ಗಂಟೆ ಇವುಗಳಿಗೆ ಮೊಟ್ಟೆ ಇಡುವ, ಬೆನ್ನಟ್ಟುವ ಸಮಯ. ಆಗ ಪರೀಕ್ಷೆ ಬೇಡ. ಒಂದು ಮೀನಿಗೆ ಬೆಳಗ್ಗೆ ಹನ್ನೊಂದಕ್ಕೆ ಪರೀಕ್ಷೆ ಆದರೆ ಮುಂದಿನ ಸುತ್ತುಗಳಲ್ಲೂ ಹನ್ನೊಂದರ ಹತ್ತಿರವೇ ಆಗಲಿ.

## ಹಂತ 5: ಬೇಸ್‌ಲೈನ್ (ಔಷಧ ಕೊಡುವ ಮುಂಚಿನ ಅಳತೆ), ಒಂದಕ್ಕಿಂತ ಹೆಚ್ಚು ಸಲ

ಹೊಸ ಟ್ಯಾಂಕ್ ಪರೀಕ್ಷೆಯ ತತ್ವ ಸರಳ. ಗೊತ್ತಿಲ್ಲದ ಜಾಗಕ್ಕೆ ಬಿಟ್ಟ ಜೀಬ್ರಾ ಮೀನು ಮೊದಲು ತಳಕ್ಕೆ ಇಳಿಯುತ್ತದೆ. ಭಯ ಕಡಿಮೆಯಾದ ಹಾಗೆ ಮೇಲೆ ಬರುತ್ತದೆ. ಐದಾರು ನಿಮಿಷದಲ್ಲಿ ಮೇಲಿನ ಅರ್ಧಕ್ಕೆ ಮೊದಲು ಬಂದದ್ದು ಯಾವಾಗ, ಅಲ್ಲಿ ಒಟ್ಟು ಎಷ್ಟು ಹೊತ್ತು ಇತ್ತು, ಎಷ್ಟು ಹೊತ್ತು ಅಲುಗದೆ ನಿಂತಿತು, ಎಷ್ಟು ಸಲ ದಿಕ್ಕೆಟ್ಟು ಓಡಿತು ಅಂತ ನೋಡುತ್ತೇವೆ.

ಕ್ರಮ ಹೀಗಿರಲಿ:

1. ಮನೆ ಟ್ಯಾಂಕ್‌ನ ವ್ಯವಸ್ಥೆಯಿಂದಲೇ ಬಂದ ಹೊಸ ನೀರನ್ನು ಪರೀಕ್ಷಾ ಟ್ಯಾಂಕ್‌ಗೆ ತುಂಬಿ. ಎರಡರ ಬಿಸಿ ಒಂದೇ ಇದೆಯಾ ನೋಡಿ. ಗೆರೆ ಹಾಕಿಟ್ಟು ಪ್ರತಿ ಸಲ ಅದೇ ಮಟ್ಟಕ್ಕೆ ತುಂಬಿ.
2. ಕ್ಯಾಮೆರಾ ಆನ್ ಮಾಡಿ. ಮೀನು ಬಿಟ್ಟ ಮೇಲೆ ಆನ್ ಮಾಡಿದರೆ ಮೊದಲ ಸೆಕೆಂಡುಗಳೇ ಹೋಗುತ್ತವೆ. ಮಾಹಿತಿ ಜಾಸ್ತಿ ಇರುವುದೇ ಅಲ್ಲಿ.
3. ಮೀನನ್ನು ಬೀಕರ್‌ನಲ್ಲಿ ನೀರಿನ ಸಮೇತ ತನ್ನಿ. ಬಲೆ ಬಳಸಲೇಬೇಕಾದರೆ ಪ್ರತಿ ಮೀನಿಗೂ, ಪ್ರತಿ ಸಲವೂ ಬಲೆಯೇ ಇರಲಿ. ಎಷ್ಟು ಸೆಕೆಂಡು ಬೆನ್ನಟ್ಟಬೇಕಾಯಿತು ಅಂತ ಬರೆಯಿರಿ.
4. ಬೀಕರನ್ನು ನೀರಿನ ಮಟ್ಟಕ್ಕೆ ತಂದು ಮೆಲ್ಲಗೆ ಬಗ್ಗಿಸಿ. ಮೇಲಿನಿಂದ ಸುರಿಯಬೇಡಿ.
5. ಪರದೆಯ ಹಿಂದೆ ಸರಿಯಿರಿ. ಕದ ಬಡಿಯುವುದು, ಟ್ಯಾಂಕ್ ಇರುವ ಮೇಜಿಗೆ ಒರಗುವುದು, ಫೋನ್ ಅದುರುವುದು ಯಾವುದೂ ಬೇಡ.
6. ಆರು ನಿಮಿಷ ಮುಗಿದ ಮೇಲೆ ಮೀನು ಮನೆಗೆ. ನೀರು ಚೆಲ್ಲಿ, ಟ್ಯಾಂಕ್ ತೊಳೆದು, ಹೊಸ ನೀರು.

ಆರನೆಯದನ್ನು ತುಂಬ ಜನ ಹಾರಿಸುತ್ತಾರೆ. ‘ನೀರು ಸ್ವಚ್ಛವಾಗೇ ಕಾಣುತ್ತದಲ್ಲ’ ಅಂತ. ಈ ಜಾತಿಯ ಮೀನುಗಳ ಚರ್ಮಕ್ಕೆ ಗಾಯವಾದರೆ ಅದರಿಂದ ಅಪಾಯ ಸೂಚಿಸುವ ರಾಸಾಯನಿಕ ನೀರಿಗೆ ಸೇರುತ್ತದೆ. ಕಾರ್ಲ್ ಫಾನ್ ಫ್ರಿಶ್ 1938ರಲ್ಲಿ ವರದಿ ಮಾಡಿದ ಸಂಗತಿ ಇದು. ಬಲೆಗೆ ಉಜ್ಜಿ ಚರ್ಮ ತರಚಿದ ಒಂದೇ ಮೀನು ಸಾಕು, ಅದೇ ನೀರಿಗೆ ಆಮೇಲೆ ಬರುವ ಮೀನುಗಳೆಲ್ಲ ತಳ ಹಿಡಿದು ಕೂರುತ್ತವೆ. ನಿಮ್ಮ ಪುಸ್ತಕದಲ್ಲಿ ಅವೆಲ್ಲ ‘ಪುಕ್ಕಲು’ ಅಂತ ದಾಖಲಾಗುತ್ತವೆ.

ಮುಂದಿನ ಬೇಸ್‌ಲೈನ್‌ಗೆ ಸುಮಾರು ಒಂದು ವಾರ ಅಂತರ ಕೊಡಿ. ಟ್ಯಾಂಕ್ ಎರಡನೇ ಸಲಕ್ಕೆ ಅಷ್ಟೇನೂ ಹೊಸದಲ್ಲ. ಮೀನುಗಳು ಒಗ್ಗಿಕೊಳ್ಳುತ್ತವೆ, ಗುಂಪಿನ ಸರಾಸರಿ ಜರುಗುತ್ತದೆ. ಅದು ಸಹಜ. ನಿಮಗೆ ಬೇಕಾಗಿರುವುದು ಸರಾಸರಿ ಜರುಗಿದ ಮೇಲೂ ಮೀನುಗಳ ಸಾಲು ಹೆಚ್ಚುಕಡಿಮೆ ಅದೇ ಉಳಿದಿದೆಯಾ ಅನ್ನುವುದು.

### ರಿಪೀಟಬಿಲಿಟಿ ಲೆಕ್ಕ

ಮೀನು ಮೀನಿನ ನಡುವಿನ ವೇರಿಯನ್ಸ್ (ಅಳತೆಗಳು ಸರಾಸರಿಯಿಂದ ಎಷ್ಟು ಹರಡಿವೆ ಅನ್ನುವ ಲೆಕ್ಕ) ಅನ್ನು ಒಟ್ಟು ವೇರಿಯನ್ಸ್‌ನಿಂದ ಭಾಗಿಸಿ. ಬಂದದ್ದೇ ರಿಪೀಟಬಿಲಿಟಿ, ಅಂದರೆ ಒಂದೇ ಮೀನಿನ ಅಳತೆ ಮತ್ತೆ ಮತ್ತೆ ಎಷ್ಟು ಹಾಗೇ ಬರುತ್ತದೆ ಅನ್ನುವುದು. ಮೀನುಗಳ ನಡುವೆ 4, ಒಂದೇ ಮೀನಿನ ಬೇರೆ ಬೇರೆ ದಿನಗಳ ನಡುವೆ 6 ಇದ್ದರೆ, 4 ಭಾಗಿಸು 10, ಅಂದರೆ 0.4. ಈ ಸಂಖ್ಯೆ ಕಡಿಮೆ ಆಯಿತು ಅಂತ ಬೇಸರ ಬೇಡ. ಅನೇಕ ಜೀವಿಗಳ ವರ್ತನೆಯ ಅಧ್ಯಯನಗಳನ್ನು ಸೇರಿಸಿ ನೋಡಿದ 2009ರ ಒಂದು ವಿಶ್ಲೇಷಣೆಯಲ್ಲಿ ಸರಾಸರಿ 0.37 ಇತ್ತು.

0.4 ಇದ್ದಾಗ ಒಂದು ರೀಡಿಂಗ್ ಮೇಲೆ ಮೀನಿಗೆ ಹಣೆಪಟ್ಟಿ ಅಂಟಿಸುವುದು ಜೂಜು. ಎರಡು ರೀಡಿಂಗ್‌ಗಳ ಸರಾಸರಿ ತೆಗೆದರೆ ನಂಬಿಕೆ 0.57ಕ್ಕೆ ಏರುತ್ತದೆ, ನಾಲ್ಕರದ್ದಾದರೆ 0.73ಕ್ಕೆ. ನಾಲ್ಕು ಸಲ ಅಳೆಯಿರಿ ಅಂತ ಒತ್ತಾಯ ಮಾಡುವುದು ಇದಕ್ಕೇ.

ಎಚ್ಚರಿಕೆಯ ಗುರುತು: ಯಾವುದೋ ಒಂದು ಅಳತೆಯ ರಿಪೀಟಬಿಲಿಟಿ ಸೊನ್ನೆಯ ಹತ್ತಿರ ಬಂತು ಅಂದರೆ ಆ ಅಳತೆಯಲ್ಲಿ ವೈಯಕ್ತಿಕ ವ್ಯತ್ಯಾಸ ಹುಡುಕುವುದನ್ನು ಅಲ್ಲಿಗೇ ನಿಲ್ಲಿಸಿ. ದಿಕ್ಕೆಟ್ಟ ಓಟದ ಎಣಿಕೆಗೆ ಹೀಗೆ ಆಗುವುದುಂಟು. ಇನ್ನೊಂದು ಅಳತೆ ನೋಡಿ.

## ಹಂತ 6: ಡೋಸ್ ಗೊತ್ತು ಮಾಡುವುದು

ಮುಖ್ಯ ಪ್ರಯೋಗದ ಮೀನುಗಳ ಮೇಲೆ ಡೋಸ್ ಹುಡುಕಬೇಡಿ. ಅದಕ್ಕೆ ಬೇರೆ ಸಣ್ಣ ಗುಂಪು ಇರಲಿ.

ಡೋಸ್ ರೇಖೆ ಯಾವಾಗಲೂ ನೇರ ಇರುವುದಿಲ್ಲ. ಎಥನಾಲ್ ನೋಡಿ. ಕಡಿಮೆ ಇದ್ದಾಗ ಮೀನು ಚುರುಕಾಗಿ ಓಡಾಡುತ್ತದೆ, 1 ಶೇಕಡಾದ ಆಸುಪಾಸಿಗೆ ಹೋದಾಗ ಮಂಕಾಗುತ್ತದೆ. ಒಂದೇ ಬೀಕರ್‌ನ ಒಂದೇ ಡೋಸ್‌ಗೆ ಒಂದು ಮೀನು ಏರುವ ಕಡೆ, ಇನ್ನೊಂದು ಇಳಿಯುವ ಕಡೆ ಇರಬಹುದು. ಎರಡರ ಪ್ರತಿಕ್ರಿಯೆ ವಿರುದ್ಧ ಅನ್ನಿಸುತ್ತದೆ, ನಿಜವಾಗಿ ಎರಡೂ ಒಂದೇ ರೇಖೆಯ ಮೇಲೆ ಸ್ವಲ್ಪ ದೂರದಲ್ಲಿ ನಿಂತಿರುತ್ತವೆ. ಆದ್ದರಿಂದ ಕನಿಷ್ಠ ಮೂರು ಡೋಸ್ ನೋಡಿ ಮಧ್ಯದ್ದನ್ನು ಆರಿಸಿ. ಎಲ್ಲ ಮೀನೂ ಪೂರ್ತಿ ಮಂಕಾಗುವ ಡೋಸ್‌ನಲ್ಲಿ ವ್ಯತ್ಯಾಸ ಕಾಣಲು ಜಾಗವೇ ಇರುವುದಿಲ್ಲ.

ನೀರಿನಲ್ಲಿ ಔಷಧ ಬೆರೆಸಿ ಕೊಡುವಾಗ ನೀವು ಗೊತ್ತುಮಾಡುವುದು ನೀರಿನ ಡೋಸ್ ಮಾತ್ರ. ಮೀನಿನ ಒಳಗೆ ಹೋದದ್ದು ಬೇರೆ ಲೆಕ್ಕ. ಜಾಸ್ತಿ ಓಡಾಡುವ ಮೀನು ಜಾಸ್ತಿ ಉಸಿರಾಡುತ್ತದೆ, ಕಿವಿರಿನ ಮೂಲಕ ಔಷಧವೂ ಬೇಗ ಒಳಗೆ ಹೋಗಬಹುದು. ಹಾಗಾಗಿ ‘ಚುರುಕು ಮೀನಿಗೆ ಔಷಧ ಜಾಸ್ತಿ ನಾಟುತ್ತದೆ’ ಅನ್ನುವ ತೀರ್ಮಾನದ ಹಿಂದೆ ಮೆದುಳಿನ ಕಥೆ ಏನೂ ಇಲ್ಲದೆ ಬರೀ ಕಿವಿರಿನ ಕಥೆ ಇರಬಹುದು. ಅನುಕೂಲ ಇದ್ದರೆ ಕೊನೆಯ ಸುತ್ತು ಮುಗಿದ ಮೇಲೆ ಅಂಗಾಂಶದಲ್ಲಿ ಔಷಧದ ಪ್ರಮಾಣ ಅಳೆಸಿ. ಆಗದಿದ್ದರೆ ತೂಕವನ್ನಾದರೂ ಲೆಕ್ಕಕ್ಕೆ ಸೇರಿಸಿ, ತೀರ್ಮಾನದಲ್ಲಿ ಈ ಸಾಧ್ಯತೆಯನ್ನು ಬರೆಯಿರಿ.

ದ್ರಾವಣ ತಯಾರಿಸುವಾಗ ಇಷ್ಟು ಗಮನ ಇರಲಿ:

- ಪಿಎಚ್ ಪ್ರತಿ ಸಲ ಅಳೆಯಿರಿ. ಫ್ಲುವಾಕ್ಸೆಟಿನ್ ಥರದ ದುರ್ಬಲ ಪ್ರತ್ಯಾಮ್ಲಗಳು ಪಿಎಚ್ ಏರಿದ ಹಾಗೆ ಮೀನಿನ ಒಳಗೆ ಸುಲಭವಾಗಿ ನುಗ್ಗುತ್ತವೆ. ಬಾಟಲಿಯ ಲೆಕ್ಕ ಅದೇ ಇದ್ದರೂ ಡೋಸ್ ಬದಲಾದಂತೆಯೇ.
- ನೀರಿನಲ್ಲಿ ಕರಗದ ಔಷಧಕ್ಕೆ ಡಿಎಂಎಸ್‌ಒ ಅನ್ನುವ ದ್ರಾವಕ ಬಳಸಿದರೆ 0.1 ಶೇಕಡಾ ಮೀರದಿರಲಿ. ಅಷ್ಟೇ ಡಿಎಂಎಸ್‌ಒ ಖಾಲಿ ದ್ರಾವಣದಲ್ಲೂ ಇರಬೇಕು.
- ಎಣ್ಣೆ ಗುಣದ ಔಷಧಗಳು ಪ್ಲಾಸ್ಟಿಕ್‌ಗೆ ಅಂಟುತ್ತವೆ. ಗಾಜಿನ ಬೀಕರ್ ಉತ್ತಮ.
- ಎಥನಾಲ್ ಆವಿಯಾಗುತ್ತದೆ. ಬೀಕರ್ ಮುಚ್ಚಿ, ದಿನಾ ಹೊಸದಾಗಿ ಬೆರೆಸಿ.
- ಒಂದು ಬೀಕರ್‌ಗೆ ಒಂದೇ ಮೀನು, ಪ್ರತಿ ಬೀಕರ್‌ನಲ್ಲೂ ಒಂದೇ ಅಳತೆ ನೀರು, ಒಂದೇ ಅವಧಿ.

ತಕ್ಷಣ ಹೊರತೆಗೆಯಬೇಕಾದ ಲಕ್ಷಣಗಳು: ಮೀನು ಮೇಲೆ ಬಂದು ಬಾಯಿ ಬಿಡುವುದು, ಮಗ್ಗುಲಾಗಿ ಅಥವಾ ಸುತ್ತುತ್ತಾ ಈಜುವುದು, ಸೆಟೆದುಕೊಳ್ಳುವುದು, ಕಿವಿರಿನ ಬಡಿತ ಬಹಳ ನಿಧಾನವಾಗುವುದು. ಅವಧಿ ಮುಗಿಯಲಿ ಅಂತ ಕಾಯಬೇಡಿ.

## ಹಂತ 7: ಔಷಧದ ಸುತ್ತುಗಳು

ಪ್ರತಿ ಮೀನಿಗೂ ನಾಲ್ಕು ಸುತ್ತು: ಎರಡು ಔಷಧ, ಎರಡು ಖಾಲಿ. ಅರ್ಧ ಮೀನುಗಳಿಗೆ ಔಷಧ, ಖಾಲಿ, ಖಾಲಿ, ಔಷಧ. ಉಳಿದ ಅರ್ಧಕ್ಕೆ ಖಾಲಿ, ಔಷಧ, ಔಷಧ, ಖಾಲಿ. ಹೀಗೆ ಮಾಡಿದರೆ ಒಗ್ಗಿಕೊಳ್ಳುವಿಕೆ ಎರಡೂ ಕಡೆ ಸಮನಾಗಿ ಹಂಚಿಹೋಗುತ್ತದೆ. ಎಲ್ಲಕ್ಕೂ ಮೊದಲು ಖಾಲಿ, ಆಮೇಲೆ ಔಷಧ ಅಂತ ಮಾಡಿದರೆ ಟ್ಯಾಂಕ್ ಪರಿಚಯವಾಗಿ ಮೇಲೆ ಬಂದ ಮೀನನ್ನೂ ಔಷಧದ ಖಾತೆಗೆ ಹಾಕಿಬಿಡುತ್ತೀರಿ.

ಸುತ್ತುಗಳ ನಡುವೆ ಒಂದು ವಾರವಾದರೂ ಇರಲಿ. ನಿಕೋಟಿನ್, ಎಥನಾಲ್ ಮುಂತಾದವನ್ನು ಮತ್ತೆ ಮತ್ತೆ ಕೊಟ್ಟರೆ ದೇಹ ಅದಕ್ಕೆ ಪಳಗುವುದೂ ಉಂಟು. ಅದಕ್ಕೇ ಸುತ್ತಿನ ನಂಬರ್ ಲೆಕ್ಕದಲ್ಲಿ ಇರಲೇಬೇಕು.

ಬಾಟಲಿಗಳ ಮೇಲೆ ಹೆಸರು ಬೇಡ, ಸಂಕೇತ ಇರಲಿ. ಸಂಕೇತ ಬರೆದವರು ಪರೀಕ್ಷೆ ಮಾಡಬಾರದು. ‘ಸಾಫ್ಟ್‌ವೇರ್ ತಾನೇ ಅಳೆಯುವುದು, ಇದೆಲ್ಲ ಯಾಕೆ’ ಅಂತ ಕೇಳುವವರಿದ್ದಾರೆ. ಮೀನು ಹಿಡಿಯುವುದು, ಬೀಕರ್ ಬಗ್ಗಿಸುವುದು, ಯಾವ ವಿಡಿಯೊ ಕೆಟ್ಟಿದೆ ಅಂತ ಬಿಸಾಡುವುದು, ಇದೆಲ್ಲ ಮನುಷ್ಯರೇ ಮಾಡುವುದು ತಾನೇ.

ಬೀಕರ್‌ನಿಂದ ಪರೀಕ್ಷಾ ಟ್ಯಾಂಕ್‌ಗೆ ಸಾಗಿಸುವುದೂ ಒಂದು ಒತ್ತಡವೇ. ಬೆನ್ನಟ್ಟಿ ಹಿಡಿದಾಗ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಕೆಲವೇ ನಿಮಿಷದಲ್ಲಿ ಏರುತ್ತದೆ, ಇಳಿಯಲು ಒಂದು ಗಂಟೆಯ ಹತ್ತಿರ ಬೇಕಾಗುತ್ತದೆ. ಖಾಲಿ ದ್ರಾವಣದ ದಿನವೂ ಇದೇ ಸಾಗಾಟ, ಇದೇ ವೇಗದಲ್ಲಿ ನಡೆಯಬೇಕು.

## ಹಂತ 8: ವಿಡಿಯೊ ಕಣ್ಣಾರೆ ನೋಡಿ

ಪಕ್ಕದಿಂದ ತೆಗೆದ ವಿಡಿಯೊದಲ್ಲಿ ಒಂದು ಖತರ್ನಾಕ್ ದೋಷ ಇದೆ. ನೀರಿನ ಮೇಲ್ಮೈ ಕೆಳಗಿನಿಂದ ನೋಡಿದಾಗ ಕನ್ನಡಿಯಂತೆ ಹೊಳೆಯುತ್ತದೆ. ಮೀನು ಸ್ವಲ್ಪ ಮೇಲೆ ಬಂದರೆ ಅದರ ತಲೆಕೆಳಗಾದ ಪ್ರತಿಬಿಂಬ ಅಲ್ಲಿ ಮೂಡುತ್ತದೆ. ಸಾಫ್ಟ್‌ವೇರ್‌ನ ಚುಕ್ಕೆ ಟಕ್ ಅಂತ ಮೀನನ್ನು ಬಿಟ್ಟು ಪ್ರತಿಬಿಂಬಕ್ಕೆ ಹಾರುತ್ತದೆ, ಮತ್ತೆ ವಾಪಸ್ ಬರುತ್ತದೆ. ಫಲಿತಾಂಶದಲ್ಲಿ ಆ ಮೀನು ಮೇಲಿನ ಭಾಗಕ್ಕೆ ಹತ್ತಾರು ಸಲ ಹೋಗಿಬಂದ ಧೈರ್ಯಶಾಲಿ, ವೇಗವಂತೂ ಯಾವ ಮೀನಿಗೂ ಸಾಧ್ಯವಿಲ್ಲದಷ್ಟು. ನೀರಿನ ಗೆರೆಯ ಮೇಲಿನ ಭಾಗವನ್ನು ಸಾಫ್ಟ್‌ವೇರ್‌ನಲ್ಲಿ ಮುಚ್ಚಿಬಿಡಿ, ಕ್ಯಾಮೆರಾವನ್ನು ನೀರಿನ ಮಟ್ಟಕ್ಕೇ ಏರಿಸಿ. ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ ಅಸಾಧ್ಯ ದೂರ ಹಾರಿದ ಬಿಂದುಗಳನ್ನು ಪಟ್ಟಿ ಮಾಡಿ ನೋಡಿ.

ಅಲುಗದೆ ನಿಂತ ಮೀನಿನಲ್ಲೂ ಇಂಥದೇ ತೊಂದರೆ. ಸುಮ್ನೆ ಒಂದೇ ಕಡೆ ತೇಲುತ್ತಾ ಎದೆಯ ರೆಕ್ಕೆ ಆಡಿಸುವ ಆರಾಮದ ಮೀನಿಗೂ, ಭಯದಿಂದ ತಳದಲ್ಲಿ ಕಲ್ಲಾಗಿ ಕಿವಿರು ಮಾತ್ರ ಜೋರಾಗಿ ಬಡಿಯುವ ಮೀನಿಗೂ ಸಾಫ್ಟ್‌ವೇರ್ ವ್ಯತ್ಯಾಸ ಮಾಡದು. ಮಂಕಾಗಿಸುವ ಔಷಧ ಇದ್ದಾಗ ಇದು ಇನ್ನೂ ಗೋಜಲು. ‘ನಿಂತದ್ದು’ ಅಂದರೆ ಏನು, ಎಷ್ಟು ಸೆಕೆಂಡು ಅನ್ನುವುದನ್ನು ವಿಡಿಯೊ ನೋಡುವ ಮುಂಚೆಯೇ ಬರೆದಿಡಿ. ಪ್ರತಿ ಗುಂಪಿನಿಂದ ಕೆಲವು ವಿಡಿಯೊಗಳನ್ನು ಇಬ್ಬರು ಪ್ರತ್ಯೇಕವಾಗಿ ಕೈಯಲ್ಲೇ ಗುರುತು ಹಾಕಿ ಹೋಲಿಸಿ.

ಗುಂಪಿನಲ್ಲೇ ಪರೀಕ್ಷೆ ಮಾಡುವವರಿಗೆ ಐಡಿಟ್ರ್ಯಾಕರ್ ಥರದ ಸಾಫ್ಟ್‌ವೇರ್‌ಗಳು ಒಂದು ವಿಡಿಯೊದ ಒಳಗೆ ಗುರುತನ್ನು ಚೆನ್ನಾಗಿ ಕಾಯುತ್ತವೆ. ನಾಳಿನ ವಿಡಿಯೊದ ಮೂರನೇ ಮೀನು ಇವತ್ತಿನ ಮೂರನೆಯದೇ ಅಂತ ಅದೊಂದನ್ನೇ ನಂಬಿ ಹೇಳಲಾಗದು. ಮೈಮೇಲಿನ ಗುರುತಿನ ಜೊತೆ ತಾಳೆ ನೋಡಲೇಬೇಕು.

## ಹಂತ 9: ಲೆಕ್ಕ

ಎಲ್ಲರೂ ಬೀಳುವ ದೊಡ್ಡ ಗುಂಡಿ ಇಲ್ಲಿದೆ. ಒಂದು ಮೀನನ್ನೇ ತೆಗೆದುಕೊಳ್ಳೋಣ. ಗುಂಪಿನ ಮೀನುಗಳು ಸರಾಸರಿ 100 ಸೆಕೆಂಡು ಮೇಲಿನ ಅರ್ಧದಲ್ಲಿ ಇರುತ್ತವೆ ಅಂತಿಟ್ಟುಕೊಳ್ಳಿ. ಈ ಮೀನು ಮೊದಲ ಸಲ 20 ಸೆಕೆಂಡು ಮಾತ್ರ ಇತ್ತು. ಸರಾಸರಿಗಿಂತ 80 ಕಡಿಮೆ. ರಿಪೀಟಬಿಲಿಟಿ 0.4 ಆದರೆ ಮುಂದಿನ ಸಲ ಅದು ಸರಾಸರಿಗಿಂತ 32 ಮಾತ್ರ ಕಡಿಮೆ ಇರಬಹುದು ಅಂತ ನಿರೀಕ್ಷೆ. ಅಂದರೆ 68 ಸೆಕೆಂಡು. ಔಷಧದ ಒಂದು ಹನಿಯೂ ಇಲ್ಲದೆ 48 ಸೆಕೆಂಡು ‘ಸುಧಾರಣೆ’! ಅದೇ ರೀತಿ ಮೊದಲ ಸಲ 180 ಸೆಕೆಂಡು ಇದ್ದ ಧೈರ್ಯದ ಮೀನು 132ಕ್ಕೆ ಇಳಿಯುತ್ತದೆ.

ಈಗ ಇವೆರಡರ ಮಧ್ಯೆ ಔಷಧ ಕೊಟ್ಟಿದ್ದೀರಿ ಅಂತ ಯೋಚಿಸಿ. ‘ಪುಕ್ಕಲು ಮೀನಿಗೆ ಔಷಧ ಧೈರ್ಯ ಕೊಟ್ಟಿತು, ಧೈರ್ಯದ ಮೀನಿಗೆ ಅಳುಕು ತಂದಿತು’ ಅಂತ ಚೆಂದದ ಗ್ರಾಫ್ ಬರುತ್ತದೆ. ಪೂರ್ತಿ ಸುಳ್ಳು. ‘ಔಷಧದ ಪರಿಣಾಮ ಬೇಸ್‌ಲೈನ್ ಮೇಲೆ ಅವಲಂಬಿತ’ ಅನ್ನುವ ಯಾವ ಗ್ರಾಫ್ ಕಂಡರೂ ನಾನು ಮೊದಲು ಹುಡುಕುವುದು ಖಾಲಿ ದ್ರಾವಣದ ಗುಂಪಿನ ಅದೇ ಗ್ರಾಫನ್ನು. ಅದೂ ಹೀಗೇ ವಾಲಿದ್ದರೆ ಔಷಧಕ್ಕೂ ಇದಕ್ಕೂ ಸಂಬಂಧ ಇಲ್ಲ.

ಮಾಡಬಾರದ್ದು: ಬೇಸ್‌ಲೈನ್ ನೋಡಿ ಮೀನುಗಳನ್ನು ಮಧ್ಯಕ್ಕೆ ಕತ್ತರಿಸಿ ಎರಡು ಗುಂಪು ಮಾಡುವುದು. ಔಷಧದ ದಿನದಿಂದ ಬೇಸ್‌ಲೈನ್ ಕಳೆದು, ಬಂದ ವ್ಯತ್ಯಾಸವನ್ನು ಮತ್ತೆ ಅದೇ ಬೇಸ್‌ಲೈನ್ ಜೊತೆ ಹೋಲಿಸುವುದು. ಒಂದೇ ಮೀನಿನ ನಾಲ್ಕು ರೀಡಿಂಗ್‌ಗಳನ್ನು ನಾಲ್ಕು ಮೀನು ಅಂತ ಎಣಿಸುವುದು.

ಮಾಡಬೇಕಾದ್ದು: ಎಲ್ಲ ರೀಡಿಂಗ್‌ಗಳನ್ನೂ ಒಂದೇ ಮಿಕ್ಸೆಡ್ ಮಾಡೆಲ್‌ಗೆ (ಎಲ್ಲಕ್ಕೂ ಸಾಮಾನ್ಯವಾದ ಪರಿಣಾಮವನ್ನೂ ಮೀನಿಂದ ಮೀನಿಗೆ ಇರುವ ಏರುಪೇರನ್ನೂ ಒಟ್ಟಿಗೆ ಲೆಕ್ಕ ಹಾಕುವ ಸಂಖ್ಯಾಶಾಸ್ತ್ರದ ಮಾದರಿ) ಹಾಕಿ. ಔಷಧ, ಸುತ್ತಿನ ನಂಬರ್, ಲಿಂಗ, ತೂಕ ಸ್ಥಿರ ಅಂಶಗಳು. ಮೀನಿನ ಗುರುತು, ಮನೆ ಟ್ಯಾಂಕ್ ಯಾದೃಚ್ಛಿಕ ಅಂಶಗಳು. ಮೊದಲು ಪ್ರತಿ ಮೀನಿಗೂ ಬೇರೆ ಶುರುವಿನ ಮಟ್ಟ ಇರುವ ಮಾಡೆಲ್ ಓಡಿಸಿ. ಆಮೇಲೆ ಔಷಧದ ಇಳಿಜಾರೂ (ಔಷಧದಿಂದ ಅಳತೆ ಎಷ್ಟು ಬದಲಾಗುತ್ತದೆ ಅನ್ನುವುದು) ಪ್ರತಿ ಮೀನಿಗೆ ಬೇರೆ ಇರಲು ಬಿಡಿ. ಎರಡನೆಯದು ನಿಜಕ್ಕೂ ಉತ್ತಮವಾಗಿ ಹೊಂದಿದರೆ ಮಾತ್ರ ‘ಪ್ರತಿಕ್ರಿಯೆ ಮೀನಿಂದ ಮೀನಿಗೆ ಬೇರೆ’ ಅನ್ನಬಹುದು. ಶುರುವಿನ ಮಟ್ಟಕ್ಕೂ ಇಳಿಜಾರಿಗೂ ಸಂಬಂಧ ಇದೆಯಾ ಅನ್ನುವುದೂ ಇದೇ ಮಾಡೆಲ್‌ನಿಂದ ಸಿಗುತ್ತದೆ. ಸಂಖ್ಯಾಶಾಸ್ತ್ರಕ್ಕೆ ಬಳಸುವ ಆರ್ (R) ಅನ್ನುವ ಕಂಪ್ಯೂಟರ್ ಭಾಷೆಯ ಎಲ್‌ಎಂಇ4 (lme4) ಪ್ಯಾಕೇಜ್ ಇದಕ್ಕೆ ಸಾಕು.

ಇಳಿಜಾರಿನ ವ್ಯತ್ಯಾಸ ಹಿಡಿಯುವುದು ಹತ್ತು ಹನ್ನೆರಡು ಮೀನಿನಲ್ಲಿ ಆಗದ ಮಾತು. ನಕಲಿ ದತ್ತಾಂಶ ಸೃಷ್ಟಿಸಿ, ನಿಮ್ಮ ಮಾಡೆಲ್ ಅದನ್ನು ಹಿಡಿಯುತ್ತದಾ ಅಂತ ಮೀನು ಮುಟ್ಟುವ ಮುಂಚೆಯೇ ಓಡಿಸಿ ನೋಡಿ. ಎಷ್ಟು ಮೀನು ಬೇಕು ಅನ್ನುವುದಕ್ಕೆ ನೈತಿಕ ಸಮಿತಿಗೂ ಅದೇ ಉತ್ತರ.

ಇನ್ನೊಂದು ಸಣ್ಣ ವಿಷಯ. ಆರು ನಿಮಿಷ ಪೂರ್ತಿ ಮೇಲೆ ಬಾರದ ಮೀನಿಗೆ ‘360 ಸೆಕೆಂಡು’ ಅಂತ ತುಂಬಬೇಡಿ. ಅದು ಯಾವಾಗ ಬರುತ್ತಿತ್ತೋ ನಮಗೆ ಕಂಡಿಲ್ಲ, ಅಷ್ಟೇ. ಅಂಥ ಅಳತೆಗೆ ಸರ್ವೈವಲ್ ವಿಶ್ಲೇಷಣೆ (ಕಾದ ಘಟನೆ ಕೆಲವರಲ್ಲಿ ಅವಧಿಯೊಳಗೆ ಆಗದೇ ಹೋದಾಗ ಬಳಸುವ ಲೆಕ್ಕ) ಬಳಸಿ.

## ಹಂತ 10: ಮುಂಚೆಯೇ ಹೇಳಿ, ಆಮೇಲೆ ನೋಡಿ

ಇದನ್ನು ಮಾಡುವವರು ಕಡಿಮೆ. ನನಗೆ ಮಾತ್ರ ಮಾಡೆಲ್‌ಗಿಂತ ಇದರ ಮೇಲೆ ನಂಬಿಕೆ ಜಾಸ್ತಿ. ಸಾಧ್ಯವಿದ್ದರೆ ಇನ್ನೊಂದು ಜೊತೆ ಸುತ್ತು ಉಳಿಸಿಕೊಳ್ಳಿ: ಒಂದು ಔಷಧ, ಒಂದು ಖಾಲಿ. ಮೊದಲ ನಾಲ್ಕು ಸುತ್ತುಗಳಿಂದ ಯಾವ ಮೀನಿಗೆ ಔಷಧ ಎಷ್ಟು ನಾಟಬಹುದು ಅಂತ ಸಾಲು ಮಾಡಿ ಬರೆದು, ಸಹೋದ್ಯೋಗಿಯ ಕೈಗೆ ಕೊಡಿ. ಕೊನೆಯ ಜೊತೆ ಸುತ್ತು ಮುಗಿದ ಮೇಲೆ ಎರಡು ಸಾಲುಗಳನ್ನೂ ಪಕ್ಕದಲ್ಲಿಟ್ಟು ನೋಡಿ. ಸಾಲು ಹೆಚ್ಚುಕಡಿಮೆ ಉಳಿದರೆ ವ್ಯತ್ಯಾಸ ಮೀನಿನದು. ಚೆಲ್ಲಾಪಿಲ್ಲಿ ಆದರೆ ಗುಂಪಿನ ಸರಾಸರಿ ಪರಿಣಾಮವನ್ನು ಮಾತ್ರ ವರದಿ ಮಾಡಿ, ವೈಯಕ್ತಿಕ ಪ್ರತಿಕ್ರಿಯೆ ಸ್ಥಿರವಾಗಿರಲಿಲ್ಲ ಅಂತ ಅದರ ಜೊತೆಗೇ ಬರೆಯಿರಿ. ಅದೂ ಫಲಿತಾಂಶವೇ.

## ಮರಿಗಳಲ್ಲಿ ಮಾಡುವವರಿಗೆ

ಐದರಿಂದ ಏಳು ದಿನದ ಮರಿಗಳನ್ನು 96 ಗುಳಿಗಳ ಪ್ಲೇಟ್‌ನಲ್ಲಿ ಹಾಕಿ ಬೆಳಕು ಆರಿಸಿದಾಗ ಎಷ್ಟು ಈಜುತ್ತವೆ ಅಂತ ಅಳೆಯುವುದು ರೂಢಿ. ಒಂದೇ ದಿನ ನೂರಾರು ಮರಿ ಸಿಗುತ್ತವೆ, ಅದಕ್ಕೇ ಆಸೆ ಹುಟ್ಟುತ್ತದೆ. ಕ್ರಮ ಮೇಲಿನದ್ದೇ, ತೊಂದರೆಗಳು ಬೇರೆ.

ಪ್ಲೇಟ್‌ನ ಅಂಚಿನ ಗುಳಿಗಳಲ್ಲಿ ನೀರು ಬೇಗ ಆರುತ್ತದೆ, ಬಿಸಿಯೂ ಮಧ್ಯದ ಗುಳಿಗಳಂತೆ ಇರುವುದಿಲ್ಲ. ಒಂದೇ ಮರಿ ಮೂರು ದಿನ ಅಂಚಿನಲ್ಲೇ ಇದ್ದರೆ ಅದರ ‘ಸ್ವಭಾವ’ ತುಂಬ ಸ್ಥಿರವಾಗಿ ಕಾಣುತ್ತದೆ. ಅದು ಗುಳಿಯ ಸ್ವಭಾವ. ಮರಿಗಳ ಜಾಗವನ್ನು ಪ್ರತಿ ದಿನ ಬದಲಾಯಿಸಿ, ಅಂಚಿನ ಸಾಲುಗಳಿಗೆ ಬರೀ ನೀರು ತುಂಬಿಸಿಬಿಟ್ಟರೆ ಇನ್ನೂ ಒಳ್ಳೆಯದು. ಈಜುಚೀಲ ಉಬ್ಬದ ಮರಿಗಳನ್ನು ಮೊದಲೇ ತೆಗೆಯಿರಿ. ಒಂದೇ ಜೋಡಿಯ ಮೊಟ್ಟೆಯಿಂದ ಬಂದ 96 ಮರಿ ಅಂದರೆ ಒಂದೇ ಕುಟುಂಬ. ಕನಿಷ್ಠ ಮೂರ್ನಾಲ್ಕು ಜೋಡಿಗಳಿಂದ ಮರಿ ತೆಗೆದು, ಕುಟುಂಬದ ಗುರುತನ್ನೂ ಮಾಡೆಲ್‌ಗೆ ಹಾಕಿ. ಈ ವಯಸ್ಸಿನಲ್ಲಿ ಒಂದು ದಿನದ ಬೆಳವಣಿಗೆಯೇ ದೊಡ್ಡದು. ಆದ್ದರಿಂದ ವಾರದ ಅಂತರದ ಬದಲು ಅದೇ ದಿನ ಬೆಳಕು-ಕತ್ತಲಿನ ಹಲವು ಸುತ್ತು, ಮರುದಿನ ಅದೇ ಹೊತ್ತಿಗೆ ಇನ್ನೊಂದು ಸಲ ಅಂತ ಇಟ್ಟುಕೊಳ್ಳಿ. ಔಷಧ ಕೊಟ್ಟು ತೊಳೆದು ಮತ್ತೆ ಕೊಡುವ ವಿನ್ಯಾಸ ಇಷ್ಟು ಚಿಕ್ಕ ಮರಿಗಳಲ್ಲಿ ಕೈಗೂಡುವುದು ಕಷ್ಟ. ಮೊದಲ ಪ್ರಶ್ನೆಗೆ ಮರಿ, ಎರಡನೆಯದಕ್ಕೆ ಬೆಳೆದ ಮೀನು ಅಂತ ಹಂಚಿಕೊಂಡರೆ ಕೆಲಸ ಹಗುರ.